ಎದ್ದವನು ಸೋತ

ನನ್ನ ಅಂಗಡಿಯ ಗೋಡೆಯ ಮೇಲೆ ಒಂದೇ ಒಂದು ನಿಯಮ ಬರೆಸಿದ್ದೇನೆ: ಎದ್ದವನು ಸೋತ. ಆಟ ಮುಗಿಯುವ ಮೊದಲು ಕುರ್ಚಿ ಬಿಟ್ಟು ಎದ್ದರೆ, ಹೊಟ್ಟೆನೋವೇ ಬಂದಿರಲಿ, ಮನೆಗೆ ಬೆಂಕಿಯೇ ಬಿದ್ದಿರಲಿ, ಸೋತಂತೆಯೇ. ಬರೆಸದೆ ಏನು ಮಾಡಲಿ? ನಮ್ಮ ಮೀನಾ ಊರಿನಲ್ಲಿ ಕರೆಂಟು ಬರುವುದೇ ಅಪರೂಪ. ಸೋಲು ಹತ್ತಿರ ಬಂತೆಂದರೆ ಒಬ್ಬೊಬ್ಬನೂ ಮೈ ಮುರಿಯುವ ನೆಪದಲ್ಲಿ ಎದ್ದು, ಕಾಲಿನಿಂದ ಪ್ಲಗ್ ಕಿತ್ತು, "ಅಯ್ಯೋ, ಜನರೇಟರ್ ಕೈಕೊಡ್ತು" ಎಂದು ಹಣೆ ಚಚ್ಚಿಕೊಳ್ಳುತ್ತಿದ್ದ. ಮೀಸೆ ನರೆತ ಗಂಡಸರು! ನಾಚಿಕೆ ಎನ್ನುವುದು ಇವರ ಹತ್ತಿರ ಸುಳಿದಿದ್ದರೆ ತಾನೆ.

ನಾನು ವದಾದ್. ಗಂಡ ತೀರಿಕೊಂಡಾಗ ನನ್ನ ಪಾಲಿಗೆ ಉಳಿದದ್ದು ಈ ಆಟದ ಅಂಗಡಿ, ಕೆಲವು ಹಳೆಯ ಕಂಪ್ಯೂಟರುಗಳು, ಮತ್ತು ಈ ಗಂಡಸರ ಕಾಟ. ಬೈರೂತಿನವರಿಗೆ ನಮ್ಮ ಟ್ರಿಪೋಲಿ ಎಂದರೆ ಅಸಡ್ಡೆ, ಟ್ರಿಪೋಲಿಯವರಿಗೆ ಅದರ ಬಂದರಾದ ಮೀನಾ ಎಂದರೆ ಅಸಡ್ಡೆ. ಹಾಗಾಗಿ ನಾವು ಆಡುವುದನ್ನು ನಾವೇ ನೋಡಿ ನಾವೇ ಕುಣಿಯಬೇಕು.

ರಂಜಾನ್ ತಿಂಗಳಲ್ಲಿ ಅಂಗಡಿ ಸಂಜೆಗೇ ತುಂಬುತ್ತದೆ. ಉಪವಾಸದವರಿಗೆ ಸೂರ್ಯ ಮುಳುಗುವ ಮುಂಚಿನ ಆ ಒಂದು ಗಂಟೆ ಇದೆಯಲ್ಲ, ಅದು ತೆವಳುತ್ತದೆ. ಸಿಗರೇಟಿಲ್ಲ, ಕಾಫಿಯಿಲ್ಲ, ಎಲ್ಲರಿಗೂ ಮೂಗಿನ ತುದಿಯಲ್ಲೇ ಕೋಪ. ನಾನು ಚರ್ಚಿಗೆ ಹೋಗುವವಳು, ಆದರೂ ಆ ಹೊತ್ತಿನಲ್ಲಿ ಅವರೆದುರು ಒಂದು ಗುಟುಕು ನೀರು ಕುಡಿದವಳಲ್ಲ. ಹೊತ್ತು ಕಳೆಯಲು ಅವರು ನನ್ನ ಕಂಪ್ಯೂಟರುಗಳಲ್ಲಿ ಯುದ್ಧ ಮಾಡುತ್ತಾರೆ. ಒಂದು ಕಡೆ ನಮ್ಮ ದಕ್ಕೆಯ ಮೀನುಗಾರರು, ಇನ್ನೊಂದು ಕಡೆ ಟ್ರಿಪೋಲಿ ಪೇಟೆಯ ಬಾಬ್ ಅಲ್ ತಬ್ಬಾನೆ ಕೇರಿಯ ಗ್ಯಾರೇಜಿನವರು. ಪ್ರತಿ ವರ್ಷ ಇದೇ ಪಂದ್ಯ, ಪ್ರತಿ ವರ್ಷ ಸೋಲುವವರು ನಮ್ಮವರೇ.

ತಪ್ಪು ಅವರದಲ್ಲ. ಆ 'ಉಕ್ಕಿನ ಗಡಿ' ಎಂಬ ಆಟದಲ್ಲಿ ಇದ್ದದ್ದು ಬರೀ ನೆಲ. ಟ್ಯಾಂಕು, ಲಾರಿ, ಸೇತುವೆ. ಹುಟ್ಟಿದಾಗಿನಿಂದ ದೋಣಿಯಲ್ಲೇ ಬೆಳೆದವರಿಗೆ ಟ್ಯಾಂಕು ಓಡಿಸು ಎಂದರೆ ಅವರೇನು ಮಾಡಿಯಾರು? ಗ್ಯಾರೇಜಿನವರ ನಾಯಕ ಅಬು ರಾತಿಬನಿಗೋ, ಅದು ಅಪ್ಪನ ಮನೆ. ನಮ್ಮ ನಾಯಕ ಬದವಿ ವರ್ಷ ವರ್ಷವೂ ಸೋತು ಮುಖ ಊದಿಸಿಕೊಂಡು ಮನೆಗೆ ಹೋಗುತ್ತಿದ್ದ.

ಮನೆ ಎಂದರೆ ನನ್ನ ಅಂಗಡಿಯ ಮೇಲಿನ ಮಹಡಿಯೇ. ಅಲ್ಲಿ ಅವನ ತಾಯಿ ರಸ್ಮಿಯಾ, ಹಜ್ ಯಾತ್ರೆ ಮಾಡಿ ಬಂದವಳಾದ್ದರಿಂದ ಎಲ್ಲರಿಗೂ ಹಾಜಾ. ಎಂಬತ್ತರ ಹತ್ತಿರದ ಹೆಂಗಸು, ಕಣ್ಣು ಹೆಚ್ಚುಕಡಿಮೆ ಹೋಗಿದೆ, ನಾಲಿಗೆ ಮಾತ್ರ ಇನ್ನೂ ಹರೆಯದ್ದು. ಮಗ ಸೋತು ಬಂದಾಗಲೆಲ್ಲ ಬಾಲ್ಕನಿಯಿಂದ ಇಡೀ ಗಲ್ಲಿಗೆ ಕೇಳುವಂತೆ ಬೈಯುವಳು. "ಮೊಮ್ಮಕ್ಕಳನ್ನ ಆಡಿಸೋ ವಯಸ್ಸಲ್ಲಿ ಬೊಂಬೆ ಆಟ ಆಡ್ತೀಯ, ಅದನ್ನಾದ್ರೂ ನೆಟ್ಟಗೆ ಆಡಕ್ಕೆ ಬರಲ್ವೇನೋ?" ಆಮೇಲೆ ನನ್ನನ್ನು ಮೆಲ್ಲಗೆ ಕರೆದು, "ಆ ಟ್ಯಾಂಕಿನವನು ಮೋಸಗೀಸ ಮಾಡಿದ್ನೇನೆ ವದಾದ್?" ಎಂದು ಕೇಳುವಳು. ಮಗನ ಸೋಲು ಅವಳಿಗೇ ಹೆಚ್ಚು ಉರಿಯುತ್ತಿತ್ತು.

ಈ ವರ್ಷ ಹಾಜಾಳ ಮೂತ್ರಪಿಂಡ ಕೈಕೊಟ್ಟಿತ್ತು. ಉಪವಾಸ ಮಾಡಲೇಬಾರದು ಎಂದು ಡಾಕ್ಟರು ಕೈಮುಗಿದು ಹೇಳಿದರು. ಅವಳು ಕೇಳಿದಳೇ? "ಮುಂದಿನ ರಂಜಾನಿಗೆ ನಾನಿರಲ್ಲ ಅಂತ ನನಗೂ ಗೊತ್ತು, ನಿಮಗೂ ಗೊತ್ತು. ಹುಡುಗಿಯಾಗಿದ್ದಾಗಿಂದ ಒಂದೂ ತಪ್ಪಿಸಿಲ್ಲ. ಈ ಒಂದು ತಿಂಗಳು ಪೂರ್ತಿ ಮಾಡಿ ಹೋಗ್ತೀನಿ, ಬಿಡಿ" ಎಂದಳು. ಬದವಿ ಅತ್ತ, ನಾನು ಜಗಳವಾಡಿದೆ. ಏನೂ ನಡೆಯಲಿಲ್ಲ. ದಿನಗಳು ಒಂದೊಂದಾಗಿ ಉರುಳಿ ತಿಂಗಳು ಮುಗಿಯಲು ಇನ್ನು ಮೂರ್ನಾಲ್ಕು ದಿನ ಉಳಿಯಿತು. ಅವಳು ಒಣಗಿದ ಬಳ್ಳಿಯಂತಾಗಿದ್ದಳು, ಆದರೆ ಮುಖದಲ್ಲಿ ಗೆಲುವಿತ್ತು.

ಅದೇ ತಿಂಗಳು ನಮ್ಮ ಆಟಕ್ಕೆ ಜೋಡಿಸುವ ಹೊಸ ಭಾಗವೂ ಬಂದಿತ್ತು. ಹೆಸರು 'ನೆಲ ಮತ್ತು ಜಲ'. ಪರದೆಯ ಮೇಲೆ ಮೊದಲ ಸಲ ಸಮುದ್ರ ಕಂಡಾಗ ನಮ್ಮ ಮೀನುಗಾರರ ಮುಖ ನೋಡಬೇಕಿತ್ತು! ಯುದ್ಧನೌಕೆ, ಜಲಾಂತರ್ಗಾಮಿ, ದಡಕ್ಕೆ ಸೈನಿಕರನ್ನು ಇಳಿಸುವ ಚಪ್ಪಟೆ ದೋಣಿ. ಬದವಿ ಪರದೆಯನ್ನು ಮುಟ್ಟಿ ಮುಟ್ಟಿ ನೋಡಿದ. "ವದಾದಕ್ಕ, ಇನ್ನು ನೋಡ್ತಿರು. ಆ ಗ್ರೀಸ್ ಮೆತ್ಕೊಂಡಿರೋರ್ನ ಉಪ್ಪುನೀರು ಕುಡಿಸ್ತೀನಿ" ಎಂದ. ಕುಡಿಸಿದ ಕೂಡ. ಸುತ್ತು ಸುತ್ತು ಗೆದ್ದು ಕೊನೆಯ ಪಂದ್ಯಕ್ಕೆ ಬಂದ. ನಾಯಕನೆದುರು ನಾಯಕ.

ಆ ಸಂಜೆ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊರಗೆ ನಿಂತವರಿಗೂ ಕೇಳಲಿ ಎಂದು ನಮ್ಮವರು ಮದುವೆಗೆ ಬಾಡಿಗೆ ಕೊಡುವ ದೊಡ್ಡ ಸ್ಪೀಕರುಗಳನ್ನು ತಂದು ಹೊಸ್ತಿಲ ಮೇಲೆ ಬೀದಿಗೆ ಮುಖಮಾಡಿ ಇಟ್ಟರು. "ಕಿವಿ ಹರಿದುಹೋಗತ್ತೆ, ಒಳಗಿಡ್ರೋ" ಎಂದು ನಾನು ಬಡಕೊಂಡದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಸಿದ ಗಂಡಸರಿಗೆ ಹೆಂಗಸಿನ ಮಾತು ಕೇಳಿಸುವುದಿಲ್ಲ. ಹೊಟ್ಟೆ ತುಂಬಿದಾಗ ಕೇಳಿಸುತ್ತದೆಯೇ ಎಂದರೆ ಅದೂ ಇಲ್ಲ, ಬಿಡಿ.

ಆಟ ಶುರುವಾಯಿತು. ಅಬು ರಾತಿಬ್ ನೆಲದ ಮೇಲೆ ಟ್ಯಾಂಕು ಜೋಡಿಸಿ ಬದವಿಯ ಬಂದರಿನ ಬಾಗಿಲವರೆಗೆ ಬಂದುಬಿಟ್ಟ. ಬದವಿ ಅಲುಗಲಿಲ್ಲ. ಹಡಗುಗಳನ್ನೆಲ್ಲ ದ್ವೀಪದ ಮರೆಯಲ್ಲಿ ಅಡಗಿಸಿಟ್ಟು, ಬಲೆ ಬೀಸಿದವನು ಕಾಯುವ ಹಾಗೆ ಕಾದ. ಟ್ಯಾಂಕುಗಳೆಲ್ಲ ದಡದ ರಸ್ತೆಗೆ ಬಂದು ಸಾಲುಗಟ್ಟಿದವು. ಆಗ ಅವನ ದೊಡ್ಡ ಯುದ್ಧನೌಕೆ ಹೊರಬಂದು ತನ್ನ ಮುಖ್ಯ ಫಿರಂಗಿ ಹಾರಿಸಿತು.

ಢಂ!

ನನ್ನ ಗಾಜಿನ ಲೋಟಗಳು ಕಪಾಟಿನಲ್ಲಿ ಅದುರಿದವು. ಅಂಗಡಿಯೊಳಗೆ ಕೇಕೆಯೋ ಕೇಕೆ. ನಾನು ಬಾಗಿಲಲ್ಲಿ ನಿಂತಿದ್ದೆ, ಹಾಗಾಗಿ ಬೀದಿಯಲ್ಲಾದದ್ದು ನನಗೆ ಮಾತ್ರ ಕಂಡಿತು. ಎದುರಿನ ಕ್ಷೌರಿಕ ಎರಡೂ ಕೈ ಎತ್ತಿ ಪ್ರಾರ್ಥನೆ ಹೇಳಿ ಜಲ್ಲಾಬ್ ಶರಬತ್ತಿನ ಲೋಟ ಬಾಯಿಗಿಟ್ಟ. ಕಾಕ್ ರೊಟ್ಟಿ ಮಾರುವವನು ತನ್ನ ರೊಟ್ಟಿಯನ್ನೇ ಕಚ್ಚಿದ. ಅವರ ತಪ್ಪಲ್ಲ. ನಮ್ಮಲ್ಲಿ ಸೂರ್ಯ ಮುಳುಗಿದ ಕೂಡಲೇ ಕೋಟೆಯಿಂದ ತೋಪು ಹಾರುತ್ತದೆ, ಅದು ಕೇಳಿದ ಮೇಲೆ ಉಪವಾಸ ಬಿಡುತ್ತಾರೆ. ಕರೆಂಟಿಲ್ಲದೆ ಮಸೀದಿಯ ಮೈಕು ಎಷ್ಟೋ ದಿನ ಉಸಿರೆತ್ತುವುದಿಲ್ಲ, ಹಾಗಾಗಿ ಎಲ್ಲರಿಗೂ ತೋಪೇ ದಿಕ್ಕು. ನಾನು ಸಮುದ್ರದ ಕಡೆ ತಿರುಗಿದೆ. ಸೂರ್ಯ ಇನ್ನೂ ನೀರಿನ ಮೇಲೆ ಕೆಂಪಗೆ ಕೂತಿದ್ದ.

"ತಿನ್ಬೇಡ್ರೋ! ಅದು ತೋಪಲ್ಲ!" ಎಂದು ಕಿರುಚಿದೆ. ಅಷ್ಟರಲ್ಲಿ ಮೇಲಿನಿಂದ "ಬಿಸ್ಮಿಲ್ಲಾ" ಎನ್ನುವ ಹಾಜಾಳ ದನಿ ಬಂತು. ಅವಳಿಗೆ ಸೂರ್ಯ ಎಲ್ಲಿ ಕಾಣುತ್ತಾನೆ? ಅವಳಿಗಿದ್ದದ್ದು ಕಿವಿಯೊಂದೇ. ಮತ್ತೆ ಢಂ ಎಂದಿತು, ನನ್ನ ಕೂಗು ಅದರಲ್ಲಿ ಮುಳುಗಿತು. ನನ್ನ ಮಂಡಿಗೆ ಆ ಮೆಟ್ಟಿಲೆಂದರೆ ಅರ್ಧ ಗಂಟೆಯ ದಾರಿ. ಒಳಗೆ ತಿರುಗಿ ಕೂಗಿದೆ: "ಬದವೀ! ಸೂರ್ಯ ಇನ್ನೂ ಮುಳುಗಿಲ್ಲ! ನಿಮ್ಮಮ್ಮ ತೋಪು ಅಂದ್ಕೊಂಡು ಬಾಯಿಗೆ ಹಾಕ್ಕೊಳ್ತಿದಾಳೆ ಕಣೋ!"

ಪರದೆಯ ಮೇಲೆ ಅಬು ರಾತಿಬನ ಟ್ಯಾಂಕುಗಳು ಹೊಗೆಯಾಡುತ್ತಿದ್ದವು. ಇನ್ನೊಂದು ಸುತ್ತು ಹಾರಿಸಿದ್ದರೆ ಅವನ ಕೇಂದ್ರ ಠಾಣೆ ನೆಲಸಮ, ಪಂದ್ಯ ನಮ್ಮದು. ಬದವಿಯ ಬೆರಳು ಗುಂಡಿಯ ಮೇಲೇ ಇತ್ತು.

ಅವನು ಎದ್ದ. ಕುರ್ಚಿ ಹಿಂದಕ್ಕೆ ಬಿತ್ತು. ಜನರನ್ನು ಮೊಣಕೈಯಿಂದ ಸೀಳಿಕೊಂಡು ಮೆಟ್ಟಿಲ ಕಡೆ ಓಡಿದ. ಬೇರೆ ಯಾರನ್ನಾದರೂ ಕಳಿಸಬಹುದಿತ್ತಲ್ಲ ಎಂದು ಆಮೇಲೆ ಎಲ್ಲರೂ ಬುದ್ಧಿ ಹೇಳಿದರು. ಆಮೇಲೆ ಬುದ್ಧಿ ಹೇಳಲು ಯಾರಿಗೆ ಬರುವುದಿಲ್ಲ? ಅವನ ತಲೆಯಲ್ಲಿ ಆಗ ಇದ್ದದ್ದು ಅಮ್ಮ ಮತ್ತು ಉಪವಾಸ ಬಿಡಲು ಅವಳು ಕೈಯಲ್ಲಿ ಹಿಡಿದ ಖರ್ಜೂರ, ಅಷ್ಟೇ.

ತಬ್ಬಾನೆಯವರು ಒಂದು ಕ್ಷಣ ಪಿಳಿಪಿಳಿ ನೋಡಿ ಆಮೇಲೆ "ಎದ್ದ! ಎದ್ದ! ನಾವು ಗೆದ್ವಿ!" ಎಂದು ಕುಣಿಯತೊಡಗಿದರು. ಅಬು ರಾತಿಬ್ ಕೀಲಿಮಣೆ ಮುಟ್ಟಲಿಲ್ಲ. "ಬಾಯಿ ಮುಚ್ಕೊಳ್ರಲೋ ಕತ್ತೆಗಳಾ" ಎಂದು ಅವರನ್ನು ಗದರಿಸಿ ತಾನೂ ಮೆಟ್ಟಿಲೇರಿದ. ಅವನ ಹಿಂದೆ ಮೆಟ್ಟಿಲ ಕಂಬಿ ಹಿಡಿದುಕೊಂಡು ನಾನು.

ನಾವು ಹೋಗುವಷ್ಟರಲ್ಲಿ ಬದವಿ ತಾಯಿಯ ಕಾಲ ಬಳಿ ಕುಸಿದು ಕೂತಿದ್ದ. ಹಾಜಾಳ ಅಂಗೈಯಲ್ಲಿ ಖರ್ಜೂರದ ಬೀಜವಿತ್ತು.

"ಅದು ತೋಪಲ್ಲಮ್ಮಾ. ನಂದು. ನನ್ನ ಹಡಗಿಂದು. ಸದ್ದು ಅಷ್ಟು ಜೋರಾಗಿರತ್ತೆ ಅಂತ ನನಗೆ ಗೊತ್ತಿರಲಿಲ್ಲ."

ಅವಳು ಆ ಬೀಜವನ್ನು ಬೆರಳಲ್ಲಿ ತಡವುತ್ತ ಕೂತಳು. ಆ ಮುಖ ನೋಡಲು ನನ್ನಿಂದಾಗಲಿಲ್ಲ. "ಹೋಯ್ತಲ್ಲೋ" ಎಂದಳು ಕೊನೆಗೆ. "ದಡಕ್ಕೆ ಬಂದಿದ್ದೆ. ಹೋಯ್ತಲ್ಲೋ ನನ್ನ ತಿಂಗಳು." ಬದವಿ ಹಣೆಯನ್ನು ಅವಳ ಮಂಡಿಗೆ ಒತ್ತಿ ಮಗುವಿನಂತೆ ಬಿಕ್ಕಿದ. ಐವತ್ತು ದಾಟಿದ ಗಂಡಸು ಹಾಗೆ ಅಳುವುದನ್ನು ನಾನು ಕಂಡಿರಲಿಲ್ಲ.

ಹಾಜಾಳ ಕೈ ಗಾಳಿಯಲ್ಲಿ ತಡಕಾಡಿ ಮಗನ ತಲೆಯನ್ನು ಹುಡುಕಿತು. "ಅಳ್ಬೇಡ. ಬೇಕೂಂತ ಮಾಡಿದ್ಯಾ? ಒಂದು ದಿನ ತಾನೇ, ಹಬ್ಬ ಆದ್ಮೇಲೆ ತುಂಬಿಸ್ಕೊಡ್ತೀನಿ." ಆಮೇಲೆ ಕೇಳಿದಳು, "ಅಷ್ಟು ದೊಡ್ಡ ಸದ್ದು ನಿಂದೇನೋ?"

"ಹೂಂ."

"ಆ ಟ್ಯಾಂಕಿನವನ ಮೇಲೇನಾ?"

"ಹೂಂ ಅಮ್ಮಾ."

"ಗೆದ್ಯಾ?"

ಬದವಿ ತಲೆ ತಗ್ಗಿಸಿದ. ಹುಟ್ಟಿದಾಗಿನಿಂದ ಅವನು ಆ ತಾಯಿಗೆ ಸುಳ್ಳು ಹೇಳಿದವನಲ್ಲ. ಆಗ ಬಾಗಿಲಲ್ಲಿ ನಿಂತಿದ್ದ ಅಬು ರಾತಿಬ್ ಗಂಟಲು ಸರಿಮಾಡಿಕೊಂಡ.

"ಗೆದ್ದ ಹಾಜಾ. ನಾನೇ ಆ ಟ್ಯಾಂಕಿನವನು. ಮಾನ ಮೂರು ಕಾಸಿಗೆ ಹೋಯ್ತು. ಒಂದೂ ಉಳಿಸಲಿಲ್ಲ ನಿಮ್ಮ ಮಗ."

ಅವಳ ಹುಬ್ಬು ಮೇಲೇರಿತು. ನೀರು ತುಂಬಿದ್ದ ಕಣ್ಣಲ್ಲೇ ನಗು ಬಂತು. "ನಿನ್ನ ಮೂತಿಗೆ ಆಗಬೇಕಾದ್ದೇ!" ಎಂದಳು. ಆಗ ಕೋಟೆಯ ತೋಪು, ನಿಜವಾದದ್ದು, ಹಾರಿತು. ಉಪವಾಸ ಬಿಡುವ ಮೊದಲೇ ಸುಳ್ಳು ಹೇಳಿದೆಯಲ್ಲೋ ಪಾಪಿ ಎಂದು ನಾನು ಮೆಟ್ಟಿಲಲ್ಲಿ ಅಬು ರಾತಿಬನ ಕಿವಿ ಹಿಂಡಿದೆ. "ಹಿಂಡಕ್ಕ, ಚೆನ್ನಾಗಿ ಹಿಂಡು" ಎಂದ ಅವನು.

ಮರುದಿನದಿಂದ ಶುರುವಾಯಿತು ನೋಡಿ. ಹಡಗಿಗೆ ಸೋತವನು ನೀರಿಗೆ ಬಿದ್ದವನೇ ಎಂದು ಹಾಜಾಳ ಲೆಕ್ಕ. ಅವನು ಗಲ್ಲಿಗೆ ಬಂದರೆ ಸಾಕು, ಯಾರಾದರೂ ಅವಳಿಗೆ ಹೇಳುವರು, ಅವಳು ಬಾಲ್ಕನಿಯಿಂದ ಕೂಗುವಳು: "ಏ ಮುಳುಗಿದವನೇ! ಬಟ್ಟೆ ಒಣಗಿತೇನೋ?" ಇಡೀ ಗಲ್ಲಿಗೆ ಸತ್ಯ ಗೊತ್ತಿತ್ತು, ಒಬ್ಬರೂ ಬಾಯಿಬಿಡಲಿಲ್ಲ. ತಬ್ಬಾನೆಯ ಹುಡುಗರು ಹಲ್ಲು ಕಡಿದರು. ಅಬು ರಾತಿಬ್ ಮಾತ್ರ ತಲೆಯ ಮೇಲೆ ಕೈಯಿಟ್ಟು "ಇನ್ನೂ ಇಲ್ಲ ಹಾಜಾ" ಎನ್ನುವನು.

ಹಬ್ಬ ಕಳೆಯಿತು. ಕಾಯಿಲೆಯವಳು ಒಬ್ಬ ಬಡವನಿಗೆ ಊಟ ಹಾಕಿದರೆ ಸಾಕು, ಮತ್ತೆ ಉಪವಾಸ ಬೇಕಿಲ್ಲ ಎಂದು ಮಸೀದಿಯ ಗುರುಗಳೇ ಬಂದು ಹೇಳಿದರು. "ಊಟವನ್ನೂ ಹಾಕ್ತೀನಿ, ಉಪವಾಸಾನೂ ಮಾಡ್ತೀನಿ" ಎಂದಳು. ಗಾಳಿ ನಿಂತು ದೋಣಿಗಳು ಹೊರಟ ದಿನವನ್ನೇ ಆರಿಸಿಕೊಂಡು ಮಗನನ್ನು ಸಮುದ್ರಕ್ಕೆ ಅಟ್ಟಿದಳು. "ನನ್ನೆದುರು ಕೂತು ಮುಖ ಹಿಂಡ್ಬೇಡ, ಮೀನು ತಗೊಂಡ್ ಬಾ" ಎಂದಳು. ಜೊತೆಗೆ ನಾನು ಕೂತೆ.

ಮಧ್ಯಾಹ್ನ ದಾಟುವಷ್ಟರಲ್ಲಿ ಅವಳ ತುಟಿ ಬಿಳಿಚಿತು. ಮಾತು ಎಳೆಯಿತು. "ಸಾಕು ಕಣೇ, ಒಂದು ಗುಟುಕು ನೀರು ಕುಡಿ, ದೇವರೇನು ಕಟುಕನಲ್ಲ" ಎಂದು ಬೇಡಿಕೊಂಡೆ. ತಲೆ ಅಲ್ಲಾಡಿಸಿದಳು. ರೆಪ್ಪೆ ಮುಚ್ಚಿಮುಚ್ಚಿ ಬರುತ್ತಿತ್ತು. ಸತ್ಯ ಹೇಳುತ್ತೇನೆ, ಹೆದರಿಬಿಟ್ಟೆ. ಆಗ ಬಾಗಿಲು ತಟ್ಟಿ ಅಬು ರಾತಿಬ್ ಒಳಗೆ ಬಂದ. ಗ್ಯಾರೇಜು ಮುಚ್ಚಿ ಬಂದಿದ್ದ. ಕಾಫಿ ಕೊಡಲೇ ಎಂದರೆ ಬೇಡವೆಂದ, ಅವಳಿಗೆ ಜೊತೆಯೆಂದು ಅವನೂ ಅಂದು ಉಪವಾಸ ಹಿಡಿದಿದ್ದ.

"ಯಾರು, ಮುಳುಗಿದವನಾ?" ಎಂದಳು ಹಾಜಾ, ಕಣ್ಣು ತೆರೆಯದೆ.

"ಹೌದು ಹಾಜಾ. ಹೇಗೆ ಮುಳುಗಿದೆ ಅಂತ ಹೇಳಣಾಂತ ಬಂದೆ. ನಿಮ್ಮ ಮಗ ಬಾಯಿ ಬಿಟ್ಟಿರಲ್ಲ, ನಾಚಿಕೆ ಅವನಿಗೆ."

ಶುರು ಮಾಡಿದ. ಆಟದ ಸಮುದ್ರವನ್ನು ಬಿಟ್ಟು ಯುದ್ಧವನ್ನು ನಮ್ಮದೇ ಮೀನಾದ ಎದುರಿಗೆ ತಂದ. ಮೊಲದ ದ್ವೀಪದ ಹಿಂದಿನಿಂದ ಬದವಿಯ ಹಡಗು ಹೊರಟಿತಂತೆ, ಇವನ ನೌಕೆಗಳು ದಕ್ಷಿಣದಿಂದ ಬಂದವಂತೆ. ಇವನಿಗೆ ನೌಕೆಯೇ ಇರಲಿಲ್ಲ, ಸ್ವಾಮಿ! ಹಾಜಾ ಕಣ್ಣು ತೆರೆದಳು. "ಅಲ್ಲಿ ಆಳ ಇಲ್ಲ ಕಣೋ ದಡ್ಡ, ಬರೀ ಬಂಡೆ. ನನ್ನ ಗಂಡನ ದೋಣಿ ಅಲ್ಲೇ ತಳ ಕೆರಕೊಂಡಿತ್ತು."

"ಅದಕ್ಕೇ ಸಿಕ್ಕಾಕ್ಕೊಂಡಿದ್ದು ಹಾಜಾ! ನಮಗೇನು ಗೊತ್ತು, ಟೈರು ರಿಪೇರಿ ಮಾಡೋರಿಗೆ?"

ಅವಳು ದಿಂಬಿಗೆ ಒರಗಿ ನೆಟ್ಟಗೆ ಕೂತಳು. ಅವನು ಹೇಳುತ್ತಲೇ ಹೋದ. ಅವಳ ತಲೆ ವಾಲಿದಾಗಲೆಲ್ಲ ತನ್ನದೊಂದು ಹಡಗಿಗೆ ಬೆಂಕಿ ಹಚ್ಚಿದ. "ಆಮೇಲೆ?" ಎನ್ನುವಳು ಅವಳು. ಒಣಗಿದ ಗಂಟಲಿನಲ್ಲಿ, ತನ್ನದಲ್ಲದ ಸೋಲನ್ನು ಅವನು ಗಂಟೆಗಟ್ಟಲೆ ಹೇಳಿದ. ಆ ಗ್ರೀಸಿನ ಉಗುರಿನ ಮನುಷ್ಯನನ್ನು ನಾನು ಇಷ್ಟು ವರ್ಷ ಬೈದಿದ್ದೆನಲ್ಲ ಎಂದು ನನಗೆ ಅಳು ಬಂತು, ಅತ್ತೆ.

ಬಿಸಿಲು ಕೆಂಪಾಗುವಾಗ ಮೆಟ್ಟಿಲ ಮೇಲೆ ಸದ್ದಾಯಿತು. ಬದವಿ ಮೀನಿನ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದ ಕೇಳುತ್ತಿದ್ದನೋ, ಅವನ ಗಲ್ಲ ಒದ್ದೆಯಾಗಿತ್ತು. "ಅಮ್ಮಾ, ನಾನು ಅವತ್ತು..." ಎಂದು ಬಾಯಿ ತೆರೆದ.

"ಸುಮ್ನಿರೋ ನೀನು, ಅವನು ಸೋಲ್ತಾ ಇದಾನೆ" ಎಂದು ಹಾಜಾ ಗದರಿದಳು.

ಅಬು ರಾತಿಬ್ ಕಿಟಕಿಯಾಚೆ ಒಮ್ಮೆ ಸೂರ್ಯನನ್ನು ನೋಡಿದ. ಆಮೇಲೆ ತನ್ನ ಪಕ್ಕದ ಚಾಪೆಯನ್ನು ಕೈಯಿಂದ ತಟ್ಟಿದ.

"ಬಾ, ಕೂತ್ಕೋ ಬದವಿ. ಇನ್ನೂ ನನ್ನ ಎರಡು ಹಡಗು ಮುಳುಗಬೇಕು."

ಬದವಿ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು ಅವನ ಪಕ್ಕದಲ್ಲಿ ಕೂತ.