ಹಕ್ಕಿಯನ್ನು ಕೇಳೋಕಾಗಲ್ಲ

ಚನ್ನಪಟ್ಟಣದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಂಜುಂಡಯ್ಯ ಬೆಳಗಿನ ಕಾಫಿ ಮುಗಿಯುವ ಮೊದಲೇ ಫೋನು ನೋಡುತ್ತಿದ್ದರು. ಮಗಳು ಸಿಂಚನ ಬಿಡದಿಯ ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ಅವಳು ಎಲ್ಲಿದ್ದಾಳೆಂದು ತೋರಿಸುವ ಆ್ಯಪನ್ನು ಅವಳಿಗೇ ತಿಳಿಯದಂತೆ ಅವಳ ಫೋನಿಗೆ ಹಾಕಿ ವರ್ಷವಾಗಿತ್ತು. ಬಿಡದಿ ಎಂದು ತೋರಿಸಿದರೆ ನೆಮ್ಮದಿ. ಮೊನ್ನೆ ಮಾತ್ರ, ಓವರ್‌ಟೈಮ್ ಎಂದು ಹೇಳಿ ಹೋದವಳು ಮಧ್ಯಾಹ್ನವೆಲ್ಲ ಬಿಡದಿ ದಾರಿಯಲ್ಲೇ ಸಿಗುವ ಕೆಂಗಲ್ ಹತ್ತಿರ ಇದ್ದಳು. ಅದನ್ನು ಆ್ಯಪಿನ ವಿಷಯ ಗೊತ್ತಿದ್ದ ಹೆಂಡತಿ ಶಿವಲಿಂಗಮ್ಮನಿಗೂ ಹೇಳದೆ ನುಂಗಿಕೊಂಡು ಅವರು ಹಕ್ಕಿಗಳ ಕೆಲಸಕ್ಕೆಂದು ಒಂದು ದ್ವೀಪಕ್ಕೆ ಹೊರಟರು.

ಕೆರೆಯ ಹಕ್ಕಿಗಳನ್ನು ನೋಡುವ ಹುಚ್ಚು ಅವರಿಗೆ ಹಳೆಯದು. ಕಡಲ ಹಕ್ಕಿಗಳ ಕಾಲಿಗೆ ಗುರುತಿನ ಉಂಗುರ ತೊಡಿಸುವ ತಂಡಕ್ಕೆ ಸ್ವಯಂಸೇವಕರು ಬೇಕೆಂದಾಗ ಬೇಸಿಗೆ ರಜೆಯಲ್ಲವೇ ಎಂದು ಹೆಸರು ಕೊಟ್ಟಿದ್ದರು. ಆ ದ್ವೀಪವೋ, ಅರಬ್ಬಿ ಸಮುದ್ರದ ನಡುವೆ ಜನವಸತಿಯಿಲ್ಲದ ಮರಳುದಿಬ್ಬ. ಫೋನಿಗೆ ಸಿಗ್ನಲ್ಲೇ ಇಲ್ಲ.

ತಂಡದ ಮುಖ್ಯಸ್ಥೆ ತಾಹೇರಾ ರಾಮನಗರದವಳು. ಬಲೆಗೆ ಸಿಕ್ಕ ಹಕ್ಕಿಯನ್ನು ಅವಳು ತೂಗಿ ಕೊಟ್ಟರೆ ನಂಜುಂಡಯ್ಯ ಹಿಡಿದುಕೊಳ್ಳಬೇಕು. ಬೆರಳುಗಳ ನಡುವೆ ಅದರ ಎದೆ ಡವಡವ ಎನ್ನುತ್ತಿತ್ತು. ಒಂದು ಹಕ್ಕಿಗೆ ಅವಳು ಉಂಗುರ ಹಾಕಿದಳು, ಆದರೆ ಉಳಿದವಕ್ಕೆ ಕಟ್ಟಿದಂತೆ, ಎಲ್ಲೆಲ್ಲಿ ಹಾರಿತೆಂದು ತೋರಿಸುವ ಟ್ರ್ಯಾಕರನ್ನು ಅದರ ಬೆನ್ನಿಗೆ ಕಟ್ಟಲಿಲ್ಲ.

"ಇದಕ್ಕೆ ಕಟ್ಟಲ್ವೇನಮ್ಮಾ?"

"ಒಸಿ ಬಡಕಲಾಗೈತೆ ಸಾರ್, ಭಾರ ಆಗುತ್ತೆ. ಟ್ರ್ಯಾಕರ್ ಕಟ್ಟೋಕೆ ಪರ್ಮಿಷನ್ ಕೇಳಿದ್ರೆ ಅರಣ್ಯ ಇಲಾಖೆಯೋರು ನೂರು ಪ್ರಶ್ನೆ ಹಾಕ್ತಾರೆ. ಹಕ್ಕಿನ ಕೇಳೋಕಾಗಲ್ವಲ್ಲ, ಅದಕ್ಕೆ."

ನಂಜುಂಡಯ್ಯ ಕೈಯಲ್ಲಿದ್ದ ಹಕ್ಕಿಯನ್ನು ಹಾರಲು ಬಿಟ್ಟು, "ನನ್ ಮಗಳ ಫೋನಿಗೂ ಒಂದು ಹಾಕಿವ್ನಿ" ಎಂದುಬಿಟ್ಟರು. "ಕಾಲ ಕೆಟ್ಟೋಗೈತೆ. ಪೇಪರ್ ನೋಡಿದ್ರೆ ಎದೆ ಝಲ್ ಅಂತದೆ."

"ಅವ್ರಿಗೆ ಗೊತ್ತಾ ಸಾರ್?"

"ಗೊತ್ತಾದ್ರೆ ತೆಗೆದಾಕ್ಬುಡ್ತಾಳೆ."

ತಾಹೇರಾ ವಾದ ಮಾಡಲಿಲ್ಲ. "ನಮ್ಮಪ್ಪನೂ ಹಂಗೇ ಹೆದರ್ತಿದ್ರು. ಮನೇಲಿ ಸುಳ್ಳು ಹೇಳೋದನ್ನ ನಾನು ಕಲ್ತಿದ್ದೇ ಆಗ. ಆದ್ರೂ ಅವ್ರ ಹೆದರಿಕೆ ಸುಳ್ಳಲ್ಲ ಸಾರ್" ಎಂದಳು.

ನಂಜುಂಡಯ್ಯನವರ ತಲೆ ಗೊಂದಲದ ಗೂಡಾಯಿತು. ತಾನು ಮಾಡಿದ್ದು ಕಾವಲೋ, ಕದ್ದು ನೋಡುವುದೋ? ತೆಗೆದುಬಿಟ್ಟ ಮೇಲೆ ಅವಳಿಗೇನಾದರೂ ಆದರೆ? ಅಷ್ಟಕ್ಕೂ ಕೆಂಗಲ್ಲಿನಲ್ಲಿ ಇರುವುದು ಯಾರು? ಅಲ್ಲಿದ್ದಷ್ಟು ದಿನವೂ ಒಂದು ತೀರ್ಮಾನಕ್ಕೆ ಬರಲಾಗಲಿಲ್ಲ.

ಊರಿಗೆ ಬಂದ ಸಂಜೆ ಮಗಳನ್ನು ಕರೆದರು. "ಸಿಂಚು, ನಿನಗೆ ಹೇಳ್ದೆ ನಿನ್ ಫೋನಿಗೆ ಒಂದು ಆ್ಯಪ್ ಹಾಕಿದ್ದೆ. ನೀನೇ ತೆಗಿ."

ವಿಷಯ ಅರ್ಥವಾಗುತ್ತಿದ್ದಂತೆ ಅವಳ ಮುಖ ಬಿಳಿಚಿಕೊಂಡಿತು. "ಕೆಂಗಲ್‌ಗೆ ಹೋಗಿದ್ದೂ ನೋಡಿದ್ಯಾ?"

"ನೋಡ್ದೆ."

"ಮತ್ಯಾಕೆ ನನ್ನ ಕೇಳ್ಲಿಲ್ಲ ಅಪ್ಪ?"

ಆ್ಯಪ್ ತೆಗೆದು ಅವಳು ಕೋಣೆಯ ಬಾಗಿಲು ಹಾಕಿಕೊಂಡಳು. ಶಿವಲಿಂಗಮ್ಮ ಗಂಡನ ಮೇಲೆ ರೇಗಿದರು: "ಹೇಳ್ದೇ ಇದ್ದಿದ್ರೆ ಅವಳಿಗೇನು ಗೊತ್ತಾಯ್ತಿತ್ತಾ? ಇನ್ಮೇಲೆ ಎಲ್ಲಿಗೋದ್ಲು ಅಂತ ಹೆಂಗೆ ತಿಳ್ಕಳದು?"

ಮೂರು ದಿನ ಮಗಳು ಮಾತಾಡಲಿಲ್ಲ. ಭಾನುವಾರ ಹೆಲ್ಮೆಟ್ ಹಾಕಿಕೊಂಡು ಸ್ಕೂಟರ್ ತೆಗೆದಾಗ 'ಎಲ್ಲಿಗೆ' ಎಂಬ ಮಾತು ನಂಜುಂಡಯ್ಯನವರ ನಾಲಿಗೆಯ ತುದಿಗೆ ಬಂತು.

"ಊಟಕ್ಕೆ ಬತ್ತೀಯೇನವ್ವಾ?" ಎಂದು ಕೇಳಿದರು.

ಅವಳು ಅವರನ್ನೇ ಒಂದು ಗಳಿಗೆ ನೋಡಿದಳು. "ಗೊತ್ತಿಲ್ಲ" ಎಂದು ಹೊರಟುಹೋದಳು.

ಮಾಡಿದ್ದು ಸರಿಯೋ ತಪ್ಪೋ ಅವರಿಗೆ ಇನ್ನೂ ತಿಳಿದಿರಲಿಲ್ಲ. ಒಳಗೆ ಬಂದು ಮೂವರಿಗೂ ಆಗುವಷ್ಟು ಅಕ್ಕಿ ಅಳೆದು ನೆನೆಹಾಕಿದರು.