ನಾಕುದನ ಅಜೀರ್ಣ

ನನ್ನ ಗಂಡ ಬಚ್ಚನಿಗೆ ಅರಬ್ಬಿ ಬರುತ್ತದೆ ಎಂದು ಗಂಗೊಳ್ಳಿ ಬಂದರಿನವರೆಲ್ಲ ಹೊಗಳುತ್ತಿದ್ದರು. ಬೆಂಕಿ ಬೀಳಲಿ ಆ ಅರಬ್ಬಿಗೆ!

ಅರಬರ ಹಾಯಿಹಡಗಿನಲ್ಲಿ ವರ್ಷಗಟ್ಟಲೆ ದುಡಿದು ಅವನು ಮನೆಗೆ ತಂದದ್ದು ಬರೀ ಮಾತು. ಹೊಟ್ಟೆ ಉಬ್ಬರಿಸಿದರೆ ‘ನಫ್ಖ’ವಂತೆ. ತುಪ್ಪದೂಟ ಅತಿಯಾಗಿ ಅಜೀರ್ಣವಾದರೆ ‘ತುಖ್ಮ’ವಂತೆ. ನಮಗೋ ಯುದ್ಧದ ಕಾಲ, ರೇಷನ್ನಿನ ಹುಳ ಹಿಡಿದ ಅಕ್ಕಿ. ನೀರುಗಂಜಿ ಕುಡಿದು ಸುಳ್ಳು ತೇಗು ತೇಗಿ, “ಜಲಜ, ತುಖ್ಮ ಆಯ್ತ್ ಕಾಣ್” ಎನ್ನುತ್ತಿದ್ದ. ನಾನೂ ನಗುತ್ತಿದ್ದೆ.

ಒಮ್ಮೆ ವ್ಯಾಪಾರಿ ಪ್ರೇಮಾನಂದರು ಅರಬರ ಹಡಗಿನ ಯಜಮಾನನಿಗೆ, ಅಂದರೆ ನಾಕುದನಿಗೆ, ಔತಣ ಕೊಟ್ಟರು. ತುಪ್ಪದನ್ನ, ಕಡಲೆಬೇಳೆ ಪಾಯಸ, ನಾನು ಮಾರಿದ ಅಂಜಲ್ ಮೀನು. ಮರುದಿನ ಬೆಳಿಗ್ಗೆ ನಾಕುದ ಹೊಟ್ಟೆ ಹಿಡಿದುಕೊಂಡು ಅವರ ಜಗಲಿಯಲ್ಲಿ ನರಳುತ್ತಿದ್ದ. ಮೀನು ಮಾರಲು ಹೊರಟಿದ್ದ ನನ್ನನ್ನು ಬುಟ್ಟಿ ಸಮೇತ ಕರೆಸಿದರು.

“ಹಳ್ಸಿದ್ ಮೀನ್ ಕೊಟ್ಟ್ ನನ್ ಮರ್ಯಾದಿ ತೆಗುಕ್ ಹೊರ್ಟ್ಯಾ?” ಪ್ರೇಮಾನಂದರು ಎಲ್ಲರೆದುರು ಗುಡುಗಿದರು. “ಇನ್ ಈ ಬಂದ್ರಂಗೆ ನಿನ್ ಬುಟ್ಟಿ ಕಂಡ್ರೆ ಕಡ್ಲಿಗ್ ಎಸುದೇ!”

ಮೀನು ಮಾರದಿದ್ದರೆ ನಮ್ಮ ಮನೆಯಲ್ಲಿ ಒಲೆ ಉರಿಯುವುದಿಲ್ಲ.

“ಅದ್ ಆಗಷ್ಟೇ ಬಲೆಯಿಂದ ತೆಗ್ದ್ ಮೀನ್, ಒಡೆಯಾ. ಬೇಕಾರೆ ಅವ್ರನ್ನೇ ಕೇಣಿ” ಎಂದೆ.

ಕೇಳಿ ಹೇಳಲು ಬಚ್ಚನನ್ನೇ ಕರೆದರು. ಅವನು ಬಗ್ಗಿ ಅರಬ್ಬಿಯಲ್ಲಿ ಕೇಳಿದ. ನಾಕುದನ ನರಳಾಟದ ನಡುವೆ ಒಂದು ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತು, ತುಖ್ಮ. ಸದ್ಯ, ಬದುಕಿದೆ ಎಂದುಕೊಂಡೆ.

ಬಚ್ಚ ನನ್ನ ಮುಖ ನೋಡಿದ. ಆಮೇಲೆ ಪ್ರೇಮಾನಂದರ ಮುಖ ನೋಡಿದ. ಅದೇ ಹಡಗಿನಲ್ಲಿ ಕೆಲಸ ಕೊಡಿಸುತ್ತೇನೆಂದು ಅವರು ಅವನಿಗೆ ಮಾತು ಕೊಟ್ಟಿದ್ದರು.

“ಮೀನ್ ಹಾಳಾಯಿತ್ತ್ ಅಂಬ್ರ್, ಒಡೆಯಾ.”

ಕಟ್ಟಿಕೊಂಡ ಹೆಂಡತಿಯ ಎದುರೇ ಹೇಳಿದ, ಪಾಪಿ! ನನಗೆ ಮೈಯೆಲ್ಲ ಉರಿದುಹೋಯಿತು. ಬುಟ್ಟಿಯಿಂದ ಒಂದು ಮೀನು ಎತ್ತಿಕೊಂಡು ಸೀದಾ ಜಗಲಿ ಹತ್ತಿದೆ. ಅದನ್ನು ನಾಕುದನ ಮೂಗಿನ ಮುಂದೆ ಹಿಡಿದು, ಇದರಿಂದಲಾ ಎಂಬಂತೆ ಅವನ ಹೊಟ್ಟೆಯತ್ತ ಬೆರಳು ತೋರಿಸಿದೆ. ಅವನು ಅಲ್ಲವೆಂದು ತಲೆಯಾಡಿಸಿದ.

“ತುಖ್ಮ?” ಎಂದು ಕೂಗಿದೆ.

ನಾಕುದ ಬೆಚ್ಚಿಬಿದ್ದು ನನ್ನನ್ನು ನೋಡಿದ. ಆಮೇಲೆ ನಾಚಿಕೊಂಡು ನಕ್ಕ. ಅನ್ನ ಬಾಚಿ ಬಾಚಿ ಬಾಯಿಗೆ ತುಂಬಿದ್ದನ್ನು ಕೈಯಲ್ಲೇ ಮಾಡಿ ತೋರಿಸಿ, “ತುಖ್ಮ, ತುಖ್ಮ” ಎಂದ. ನೆರೆದವರೆಲ್ಲ ಗೊಳ್ಳೆಂದರು. ಅತಿಥಿಯನ್ನು ಬೈಯಲಾರದ ಪ್ರೇಮಾನಂದರು ಬಚ್ಚನ ಮೇಲೆ ತಿರುಗಿಬಿದ್ದರು.

“ಸುಳ್ ಹೇಳ್ತ್ಯಾ? ನಿಂಗ್ ಹಡ್ಗೂ ಇಲ್ಲ, ಎಂತದೂ ಇಲ್ಲ. ನಡಿ ಇಲ್ಲಿಂದ!”

ನಾನು ಬುಟ್ಟಿ ಹೊತ್ತು ಹೊರಟೆ. ಯಾರೂ ತಡೆಯಲಿಲ್ಲ. ಮೀನೆಲ್ಲ ಮಾರಿ ಅಕ್ಕಿ ತಂದು ಗಂಜಿ ಬೇಯಿಸಿದೆ.

ಬಚ್ಚ ಮೂಲೆಯಲ್ಲಿ ಕುಳಿತು ಗೊಣಗಿದ. “ನನ್ ಹೊಟ್ಟಿಗೆ ಕಲ್ಲ್ ಹಾಕ್ದೆ ಅಲ್ದಾ ನೀನ್?”

ಗಂಜಿಯ ಮಡಕೆಯನ್ನೇ ಎತ್ತಿ ಅವನ ಮುಂದೆ ಕುಕ್ಕಿದೆ.

“ಉಣ್ಣಿ. ಹಾಳ್ ಮೀನ್ ಮಾರಿ ತಂದ್ ಅಕ್ಕಿ ಇದ್. ತುಖ್ಮ ಆಪಲ್ಲಿವರಿಗೂ ಉಣ್ಣಿ.”

ಅವನು ಮಡಕೆ ಮುಟ್ಟಲಿಲ್ಲ. ನಾನು ಅದನ್ನು ನನ್ನತ್ತ ಎಳೆದುಕೊಂಡು, ಅವನೆದುರೇ ಕುಳಿತು, ಹೊಟ್ಟೆ ತುಂಬ ಉಂಡೆ.