ಸಾಹೇಬ ಯಾಕೆ ನಕ್ಕ

"ಥೂ ಮಾದಿಗ ನನ್ಮಗನೆ, ಕೋಟು ಕೊಟ್ಟಿದ್ದು ಕೈ ಒರೆಸ್ಕಳಕ್ಕಾ? ಸಾಹೇಬ ಬರೋ ಹೊತ್ಗೆ ಆಪೀಸ್ ಬಾಗ್ಲಾಚೆ ನಿಂತಿರು. ಒಳಿಕ್ಕೆ ನಿನ್ ಮಾತು ಬರ್ಬೇಕು, ನೀನಲ್ಲ."

ಧಣಿ ಸಂಜೀವಪ್ಪ ಕೂಗುತ್ತಿದ್ದರೆ ಚಲುವಯ್ಯ ಆ ಎರವಲು ಕರಿಕೋಟಿಗೆ ತೋಳು ತೂರಿಸುತ್ತಿದ್ದ. ಸಂಜೆ ಅದನ್ನು ಬಿಚ್ಚಿ ಗೋಡೆಯ ಮೊಳೆಗೆ ಹಾಕಿ ಹೋಗಬೇಕು.

ಲಿಂಗರಾಜಪುರದಾಚೆ ಇದ್ದ ಸಂಜೀವಪ್ಪನ ಟ್ಯಾನರಿಯ ಚರ್ಮವೆಲ್ಲ ಯುದ್ಧದ ಕಾಲದಲ್ಲಿ ಸೋಲ್ಜರುಗಳ ಬೂಟಿಗೆ ಹೋಗುತ್ತಿತ್ತು. ಹೋದ ವರ್ಷ ಯುದ್ಧ ಮುಗಿಯಿತು, ದಂಡಿನವರು ಕೊಳ್ಳುವುದನ್ನು ನಿಲ್ಲಿಸಿದರು. ಧಣಿಯ ಕಣ್ಣೀಗ ಕಡಲಾಚೆಯ ಗಿರಾಕಿಗಳ ಮೇಲೆ; ಇವತ್ತು ಬರುವ ಬಿಳಿ ಸಾಹೇಬ ಅಂಥವನೊಬ್ಬ. ಹಸಿ ಚರ್ಮ ಮುಟ್ಟಿದವರ ನೆರಳು ಸೋಕಿದರೆ ಸ್ನಾನ ಮಾಡುವ ಮನುಷ್ಯ, ಹದವಾದ ಚರ್ಮವನ್ನು ಮಾತ್ರ ಮಗುವಿನಂತೆ ನೇವರಿಸುತ್ತಿದ್ದ.

ಚಲುವಯ್ಯನ ಅಪ್ಪ ದಂಡಿನ ಕುದುರೆ ಲಾಯದಲ್ಲಿ ಲದ್ದಿ ಬಾಚುತ್ತಿದ್ದವನು. ಬಿಳಿಯರ ಮಕ್ಕಳ ಆಟದ ಪಕ್ಕದಲ್ಲೇ ಬೆಳೆದ ಹುಡುಗನ ನಾಲಿಗೆಗೆ ಇಂಗ್ಲಿಷು ತಾನಾಗಿ ಹತ್ತಿತು. ತಮಿಳು ಹಲಸೂರಿನದು, ಉರ್ದು ದಂಡಿನ ಪೇಟೆಯ ಸಂದಿಗಳದು. ಹಾಗೆ ಅವನು ಧಣಿಯ ದುಬಾಷಿಯಾದ. ಗಿರಾಕಿಯ ಮಾತನ್ನು ಧಣಿಗೆ, ಧಣಿಯ ಮಾತನ್ನು ಗಿರಾಕಿಗೆ ದಾಟಿಸುವುದಷ್ಟೇ ಕೆಲಸ. ಕೂಲಿಯವರ ಮಾತು ಎತ್ತಲೂ ದಾಟಬೇಕಾಗಿರಲಿಲ್ಲ, ಯಾರ ಮಾತೂ ಅವರತ್ತ ದಾಟಬೇಕಾಗಿರಲಿಲ್ಲ.

"ಇನ್ನೊಂದ್ ಮಾತು," ಧಣಿ ದನಿ ತಗ್ಗಿಸಿದ. "ನಿನ್ನಕ್ಕ ಬಾಯಿ ಬಿಟ್ಲೋ, ಇಬ್ರಿಗೂ ಗುಡ್ಸಲು ಇರಲ್ಲ. ಅವ್ನೇನು ಕೇಳಿದ್ರೂ ಎಲ್ಲಾ ಸುಖವಾಗವ್ರೆ ಅನ್ನು."

ಅಕ್ಕ ಮುನಿವೆಂಕಟಮ್ಮ ಅಲ್ಲೇ ಚರ್ಮ ಹದಮಾಡುವ ತಂಗಡಿ ಚಕ್ಕೆ ಕುಟ್ಟುವವಳು. ಅವಳ ಗಂಡ ಬೈಲಪ್ಪ ಹೋದ ತಿಂಗಳು ಸುಣ್ಣದ ಗುಂಡಿಯಿಂದ ತೊಗಲು ಎಳೆಯುವಾಗ ಕಾಲ ಕೆಳಗಿನ ಹಲಗೆ ಮುರಿದು ಒಳಕ್ಕೆ ಬಿದ್ದ. ಸೀಳುಬಿಟ್ಟ ಹಲಗೆ. ಬದಲಾಯಿಸಿ ಎಂದು ಅವನೇ ಎಷ್ಟೋ ಸಲ ಹೇಳಿದ್ದ. ಮೇಲಕ್ಕೆ ತಂದಾಗ ಸುಣ್ಣದಲ್ಲಿ ಬೆಂದ ಮುಖದ ಗುರುತಿರಲಿಲ್ಲ. ಕುಡಿದು ಬಿದ್ದ ಎಂದು ಧಣಿ ಪೊಲೀಸಿನವರಿಗೆ ಬರೆಸಿದ. ಮಾರನೆಯ ದಿನ ಅದೇ ಗುಂಡಿಗೆ ಹೊಸ ತೊಗಲು ಬಿತ್ತು.

ಆ ಬೆಳಿಗ್ಗೆ ಅಂಬಲಿ ಬಗ್ಗಿಸುತ್ತ ಅಕ್ಕ ಅಂದಿದ್ದಳು: "ಹೆಂಡದ ವಾಸ್ನೆ ಕಂಡ್ರಾಗ್ತಿರ್ಲಿಲ್ಲ ನಿಮ್ ಬಾವಂಗೆ. ಊರೆಲ್ಲ ನನ್ನ ಕುಡುಕನ ಹೆಂಡ್ತಿ ಅಂತದೆ. ಕಾಸು ಬ್ಯಾಡ ತಮ್ಮಾ, ಏನೂ ಬ್ಯಾಡ. ಕುಡ್ದಿರ್ಲಿಲ್ಲ ಅಂತ ಒಂದ್ ಮಾತು ಆ ಸಾಹೇಬನ ಕಿವಿಗೆ ಹಾಕು. ನೀನಿದೀಯಲ್ಲ, ನಂಗೇನ್ ಯೋಚ್ನೆ?"

"ಹೂಂ ಅಕ್ಕ," ಅಂದಿದ್ದ ಚಲುವಯ್ಯ.

ಸಾಹೇಬ ಬಂದ. ಮೂಗಿಗೆ ಕರವಸ್ತ್ರ ಹಿಡಿದು, ಚರ್ಮವನ್ನು ಬೆಳಕಿಗೊಡ್ಡಿ, ಹೆಬ್ಬೆರಳಿನಿಂದ ಒತ್ತಿ ನೋಡುತ್ತ ಅಂಗಳದಲ್ಲಿ ನಡೆದ; ಚಲುವಯ್ಯನೂ ಧಣಿಯೂ ಹಿಂದೆ ಹೋದರು. ತೊಗಲು ಹೆರೆಯುತ್ತಿದ್ದ ಅಕ್ತರ್ ಕತ್ತಿ ನಿಲ್ಲಿಸದೆ ಪಿಸುಗುಟ್ಟಿದ: "ಏನ್ ಗುರು, ಮದ್ಲಿಂಗ ಆಗ್ಬಿಟ್ಟಿದೀಯ! ಹೆಣ್ಣೆಲ್ಲಿ, ಆ ಟೋಪಿ ಸಾಹೇಬ್ನಾ?" ಚಲುವಯ್ಯನಿಗೆ ನಗು ಬರಲಿಲ್ಲ.

ಚಕ್ಕೆಯ ರಾಶಿಯ ಹತ್ತಿರ ಸಾಹೇಬ ನಿಂತ. ಈ ಹೆಂಗಸು ಹೇಗಿದ್ದಾಳೆ, ಕೆಲಸ ಹಿತವಾಗಿದೆಯೇ, ಕೇಳು ಎಂದ.

"ಅಕ್ಕ, ಹೆಂಗಿದೀಯ ಅಂತ ಕೇಳ್ತಾವ್ರೆ."

ಮುನಿವೆಂಕಟಮ್ಮ ಎದ್ದು ಸೆರಗು ಸರಿಮಾಡಿಕೊಂಡಳು. "ಸ್ವಾಮಿ, ನನ್ ಗಂಡ ಆ ಗುಂಡೀಲಿ ಬೆಂದೋದ. ಹಲ್ಗೆ ಮುರ್ದಿತ್ತು ಸ್ವಾಮಿ. ಕುಡ್ದಿರ್ಲಿಲ್ಲ. ನನ್ ಮ್ಯಾಲಾಣೆ, ಅಂಬ್ಲಿ ಬಿಟ್ರೆ ಬ್ಯಾರೆ ಕುಡ್ದೋನಲ್ಲ." ಅಷ್ಟಂದು ತಮ್ಮನ ಮುಖ ನೋಡಿದಳು. ಹೇಳು ಅನ್ನುವ ಹಾಗೆ.

ಬೆನ್ನ ಹಿಂದೆ ಧಣಿ ಗಂಟಲು ಸರಿಮಾಡಿಕೊಂಡ.

ಇವಳು ತುಂಬ ಸಂತೋಷವಾಗಿದ್ದಾಳೆ, ತಾವು ಬಂದದ್ದು ನಮ್ಮ ಪುಣ್ಯ ಅನ್ನುತ್ತಿದ್ದಾಳೆ ಎಂದು ಚಲುವಯ್ಯ ಇಂಗ್ಲಿಷಿನಲ್ಲಿ ಹೇಳಿದ.

ಸಾಹೇಬನ ಮುಖ ಅರಳಿತು. ಬಾಯ್ತುಂಬ ನಕ್ಕ. ಟೋಪಿ ಎತ್ತಿ ಅವಳಿಗೆ ಮರ್ಯಾದೆ ತೋರಿದ.

ಮುನಿವೆಂಕಟಮ್ಮನಿಗೆ ಏನೂ ತಿಳಿಯಲಿಲ್ಲ. "ತಮ್ಮಾ, ಗಂಡ ಸತ್ತ ಅಂದ್ರೆ ನಗ್ತಾವ್ನಲ್ಲ. ಅವ್ರ ದೇಸದಾಗೆ ಹಂಗೇ ಏನೋ?" ಅಂದಳು. ಅದರಲ್ಲಿ ಕುಹಕವಿರಲಿಲ್ಲ, ನಿಜವಾಗಿಯೇ ಕೇಳಿದ್ದಳು. ಬಂದವರ ರೀತಿಗೆ ನಾವೂ ತಪ್ಪಬಾರದು ಅನ್ನಿಸಿತೋ ಏನೋ, ಕಣ್ಣಲ್ಲಿ ನೀರಿಟ್ಟುಕೊಂಡೇ ಅವಳೂ ಸಾಹೇಬನತ್ತ ನಕ್ಕಳು.

ಆ ನಗುವನ್ನು ಚಲುವಯ್ಯನಿಂದ ನೋಡಲಾಗಲಿಲ್ಲ. ಯಾರೂ ಕೇಳದಿದ್ದರೂ ಅವನ ಬಾಯಿಂದ ಇಂಗ್ಲಿಷು ಹೊರಬಿತ್ತು. ನಾನು ಸುಳ್ಳು ಹೇಳಿದೆ. ಇವಳ ಗಂಡ ಬೈಲಪ್ಪ ಆ ಗುಂಡಿಯಲ್ಲಿ ಸತ್ತ. ಹಲಗೆ ಮುರಿದಿತ್ತು. ಅವನು ಕುಡಿದಿರಲಿಲ್ಲ. ಇವಳು ನನ್ನ ಅಕ್ಕ.

ಬೈಲಪ್ಪನ ಹೆಸರು ಕಿವಿಗೆ ಬಿದ್ದದ್ದೇ ಧಣಿ ಬಿಳಿಚಿಕೊಂಡ. "ಏನ್ ಬೊಗಳ್ದೆಯೋ ಸೂಳೆಮಗನೆ?"

ಸಾಹೇಬ ಗುಂಡಿಯತ್ತ ನೋಡಿದ. ಟೋಪಿ ತಲೆಗೇರಿಸಿ, ಪಾಪ, ಬೇಸರದ ಸಂಗತಿ ಎಂದ. ಆಮೇಲೆ ಕೈಲಿದ್ದ ಚರ್ಮವನ್ನು ಮತ್ತೆ ಹೆಬ್ಬೆರಳಿನಿಂದ ಒತ್ತುತ್ತ, ಕ್ರಿಸ್ಮಸ್ಸಿನೊಳಗೆ ಇಂಥ ಎಷ್ಟು ಚರ್ಮ ಹಡಗಿಗೆ ಹಾಕಬಲ್ಲರು, ನಿನ್ನ ಧಣಿಯನ್ನು ಕೇಳು ಎಂದ.

"ಹೇಳ್ದಾ ತಮ್ಮಾ? ಕುಡ್ದಿರ್ಲಿಲ್ಲ ಅಂತ ಹೇಳ್ದಾ?"

"ಹೇಳ್ದೆ ಅಕ್ಕ."

"ಏನಂದ?"

ಚಲುವಯ್ಯ ಧಣಿಯತ್ತ ತಿರುಗಲಿಲ್ಲ. ಕತ್ತಿಗಳ ಸದ್ದು ಮೀರುವಂತೆ ದನಿ ಎತ್ತಿದ. "ಪಾಪ ಅಂದ ಅಕ್ಕ. ಎಷ್ಟು ಚರ್ಮ ಕೊಡ್ತೀರಾ ಅಂದ." ಅಕ್ತರನತ್ತ ತಿರುಗಿ ಅದನ್ನೇ ಉರ್ದುವಿನಲ್ಲಿ ಹೇಳಿದ. ತೊಟ್ಟಿಗಳ ಹತ್ತಿರವಿದ್ದ ಹಲಸೂರಿನವರಿಗೆ ತಮಿಳಿನಲ್ಲಿ ಹೇಳಿದ. ಸಾಹೇಬ ಆಡಿದ ಮಾತು ಆ ಟ್ಯಾನರಿಯ ಕೂಲಿಯವರನ್ನು ಮುಟ್ಟಿದ್ದು ಅದೇ ಮೊದಲು.

ಮೊದಲು ಅಕ್ತರನ ಕತ್ತಿ ನಿಂತಿತು. ಆಮೇಲೆ ಒಂದೊಂದಾಗಿ ಉಳಿದವೂ ನಿಂತವು.

"ಸಾಹೇಬ ಏನ್ ಕೇಳ್ದ? ನಂಗೆ ಹೇಳೋ! ಲೇ, ಚಲುವಯ್ಯ!"

"ನೀವೇ ಕೇಳ್ಕಳಿ ಧಣಿ," ಎಂದು ಚಲುವಯ್ಯ ಚಕ್ಕೆಯ ರಾಶಿಯ ಮೇಲೆ ಅಕ್ಕನ ಪಕ್ಕ ಕುಳಿತ.

ಸಾಹೇಬ ಅದೇ ಪ್ರಶ್ನೆಯನ್ನು ಇನ್ನಷ್ಟು ಬಿಡಿಸಿ ಬಿಡಿಸಿ ಕೇಳಿದ. ಧಣಿ "ಎಸ್ ಸಾರ್, ಎಸ್ ಸಾರ್" ಎಂದು ಕೈ ಹಿಸುಕುತ್ತ ನಿಂತ. ಮುನಿವೆಂಕಟಮ್ಮ ಸಾಹೇಬನ ತುಟಿಗಳನ್ನೇ ನೋಡುತ್ತಿದ್ದಳು.

"ತಡಿ ತಮ್ಮಾ," ಎಂದು ತಮ್ಮನ ತೋಳು ಹಿಡಿದಳು. "ಮಾತಾಡ್ತಾವ್ನೆ. ನಿಮ್ ಬಾವನ ಬಗ್ಗೆ ಇನ್ನೂ ಏನಾರ ಅಂತಾನಾ ಕೇಳು."